ದಿವಾಳಿಯಾದವನಿಗೂ ಉಳಿಯುವ ಎರಡು ಆಸರೆಗಳು

‘ದಿವಾಳಿ’ ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ನಮ್ಮ ಊರುಗಳಲ್ಲಿ ಅದು ಹೆಚ್ಚುಕಡಿಮೆ ಒಂದು ಬೈಗುಳ. ಆದರೆ ಕಾನೂನಿನ ದೃಷ್ಟಿಯಲ್ಲಿ ದಿವಾಳಿ ಎಂಬುದು ಬದುಕಿನ ಮುಕ್ತಾಯವಲ್ಲ. ತೀರಿಸಲಾಗದ ಸಾಲದ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸಿ, ಮತ್ತೆ ದುಡಿಯಲು ತೊಡಗುವ ದಾರಿ ಅದು. ಆ ದಾರಿಯಲ್ಲಿ ಮನುಷ್ಯನ ಬಳಿ ಏನು ಉಳಿಯುತ್ತದೆ ಎಂಬುದನ್ನು ಇಂದು ನೋಡೋಣ.

ಒಬ್ಬ ಬಡಗಿಯನ್ನು ಊಹಿಸಿಕೊಳ್ಳಿ. ಅವನದು ಸ್ವಂತ ಅಂಗಡಿ. ಮರ ಕೊಳ್ಳಲು ಸಾಲ ಮಾಡಿದ. ಕೆಲಸ ಮಾಡಿಸಿಕೊಂಡವರು ಹಣ ಕೊಡಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಕಾಯಿಲೆ. ಬಡ್ಡಿ ಬೆಳೆಯಿತು, ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಆಗ ಅವನು ಮಾಡುವ ಮೊದಲ ಕೆಲಸವೇನು? ಉಳಿ, ಬಾಚಿ, ಗರಗಸಗಳನ್ನು ಮಾರುತ್ತಾನೆ. ಎರಡನೆಯದಾಗಿ ವಿಮೆಯ ಕಂತು ಕಟ್ಟುವುದನ್ನು ನಿಲ್ಲಿಸುತ್ತಾನೆ. ವಿಪರ್ಯಾಸವೆಂದರೆ, ಅವನಿಂದ ಯಾರೂ ಕಿತ್ತುಕೊಳ್ಳಬಾರದೆಂದು ಕಾನೂನು ಹೇಳಿರುವ ವಸ್ತುಗಳನ್ನೇ ಅವನು ಮೊದಲು ಕೈಬಿಡುತ್ತಾನೆ!

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 60ನೆಯ ಪ್ರಕರಣವೊಂದಿದೆ. ಸಾಲಕ್ಕಾಗಿ ಏನನ್ನು ಜಪ್ತಿ ಮಾಡಬಹುದು, ಏನನ್ನು ಮಾಡಬಾರದು ಎಂದು ಅದು ತಿಳಿಸುತ್ತದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆಗಳನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ಸಲಕರಣೆಗಳನ್ನು ಮುಟ್ಟುವಂತಿಲ್ಲ. ರೈತನಾದರೆ, ಜೀವನೋಪಾಯಕ್ಕೆ ಬೇಕಾದ ಉಳುವ ಸಾಧನ, ದನ, ಬಿತ್ತನೆ ಬೀಜಗಳನ್ನು ಮುಟ್ಟುವಂತಿಲ್ಲ. 1976ರ ತಿದ್ದುಪಡಿಯಿಂದ ಸಾಲಗಾರನ ಜೀವ ವಿಮಾ ಪಾಲಿಸಿಯಿಂದ ಬರಬೇಕಾದ ಹಣಕ್ಕೂ ಈ ರಕ್ಷಣೆ ದೊರೆಯಿತು. ಇದರ ಹಿಂದಿನ ವಿವೇಕ ಸರಳವಾದುದು. ಉಳಿಯನ್ನು ಕಿತ್ತುಕೊಂಡರೆ ಬಡಗಿ ಸಾಲ ತೀರಿಸುವುದಾದರೂ ಹೇಗೆ?

ಇನ್ನು ದಿವಾಳಿ ಕಾನೂನಿಗೆ ಬರೋಣ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತಾದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವನ್ನು 2019ರ ಡಿಸೆಂಬರಿನಲ್ಲಿ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ತರಲಾಯಿತು. ಆದ್ದರಿಂದ ನಮ್ಮ ಬಡಗಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮವೇ. ಸಾಲ 500 ರೂಪಾಯಿ ಮುಟ್ಟಿದ್ದು, ತೀರಿಸುವ ಶಕ್ತಿ ಇಲ್ಲದಿದ್ದರೆ, ಅವನೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅವನನ್ನು ದಿವಾಳಿ ಎಂದು ಘೋಷಿಸಿದ ಮೇಲೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ. ಜಪ್ತಿಯಿಂದ ವಿನಾಯಿತಿ ಪಡೆದ ವಸ್ತುಗಳು ಮಾತ್ರ ಹೋಗುವುದಿಲ್ಲ. ಎಂದರೆ ಉಳಿಯೂ ಉಳಿಯುತ್ತದೆ, ವಿಮೆಯೂ ಉಳಿಯುತ್ತದೆ.

ಹಾಗೆಂದು ಇದು ಸಾಲ ತಪ್ಪಿಸಿಕೊಳ್ಳುವ ಉಪಾಯವೆಂದು ಭಾವಿಸಬೇಡಿ. ಋಣಮುಕ್ತಿಯ ಆದೇಶ ಬರುವವರೆಗೆ ಅವನು ಹೊಸದಾಗಿ ಸಂಪಾದಿಸುವ ಆಸ್ತಿಯೂ ಸಾಲ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ. ಕುಟುಂಬದ ಪೋಷಣೆಗೆಂದು ನ್ಯಾಯಾಲಯ ಒಂದಿಷ್ಟು ಭತ್ಯೆ ಗೊತ್ತುಮಾಡಬಹುದು. ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲ ಪಡೆದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಮೋಸದಿಂದ ಮಾಡಿದ ಸಾಲ ಋಣಮುಕ್ತಿಯಿಂದಲೂ ಅಳಿಯುವುದಿಲ್ಲ. ಅಡವಿಟ್ಟ ಯಂತ್ರದ ಮೇಲೆ, ಬ್ಯಾಂಕಿಗೆ ಬರೆದುಕೊಟ್ಟ ಪಾಲಿಸಿಯ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೆಯೇ ಇರುತ್ತದೆ. ಆದುದರಿಂದ ಕಷ್ಟಕಾಲದಲ್ಲಿ ಕೈಯ ಸಲಕರಣೆಯನ್ನೂ ವಿಮೆಯನ್ನೂ ಅಡವಿಡುವ ಮುನ್ನ ನೂರು ಬಾರಿ ಯೋಚಿಸಬೇಕು.

ವಿಮೆಯ ವಿಷಯದಲ್ಲಿ ಇನ್ನೊಂದು ಮಾತು. ಕಾನೂನು ಪಾಲಿಸಿಯನ್ನು ಸಾಲ ಕೊಟ್ಟವರಿಂದ ಕಾಪಾಡುತ್ತದೆ, ನಮ್ಮ ಅಲಕ್ಷ್ಯದಿಂದ ಕಾಪಾಡುವುದಿಲ್ಲ. ವಾರ್ಷಿಕ, ಅರ್ಧವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ರಿಯಾಯಿತಿ ಅವಧಿ ಇರುತ್ತದೆ. ಅದು ಮೀರಿದರೆ ಪಾಲಿಸಿ ರದ್ದಾಗುವ ಸ್ಥಿತಿಗೆ ಬರುತ್ತದೆ. ಕಂತು ಭಾರವಾದಾಗ ಸುಮ್ಮನೆ ಕೂರದೆ ವಿಮಾ ಕಚೇರಿಗೆ ಹೋಗಿ, ಇರುವ ಮಾರ್ಗಗಳೇನೆಂದು ಕೇಳಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಅಧಿನಿಯಮದ 6ನೆಯ ಪ್ರಕರಣದಂತೆ, ಹೆಂಡತಿ ಮಕ್ಕಳ ಪ್ರಯೋಜನಕ್ಕೆಂದೇ ಮಾಡಿಸಿದ ಪಾಲಿಸಿ ಅವರ ಪರವಾದ ನ್ಯಾಸವಾಗುತ್ತದೆ; ಗಂಡನ ಸಾಲಕ್ಕೆ ಅದು ಸಿಗುವುದಿಲ್ಲ. ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿಸಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ದೊಡ್ಡ ಕಂತು ಕಟ್ಟಲಾಗದವರಿಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿದೆ. 2022ರ ಜೂನ್‌ನಿಂದ ಅದರ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಿಂದ ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿ ದೊರೆಯುತ್ತದೆ.

‘ಸಾಲ ತೀರಿಸದಿದ್ದರೆ ಜೈಲು’ ಎಂಬ ಭಯವೂ ಅನೇಕರನ್ನು ಕಾಡುತ್ತದೆ. ಕೊಡುವ ಶಕ್ತಿಯೇ ಇಲ್ಲದ ಪ್ರಾಮಾಣಿಕ ಸಾಲಗಾರನನ್ನು, ಸಾಲ ತೀರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಸಿವಿಲ್ ಸೆರೆಮನೆಗೆ ತಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ತೀರ್ಪು ನೀಡಿತು.

ಮಿತ್ರರೇ, ಸಾಲದ ಮಾತನ್ನು ಹಿರಿಯರು ಮಕ್ಕಳ ಮುಂದೆ ಆಡುವುದಿಲ್ಲ. ಆದರೂ ಮನೆಯ ಮೌನ ನಿಮಗೆ ಅರ್ಥವಾಗುತ್ತದೆ. ಅಂತಹ ದಿನವೊಂದು ಯಾರ ಮನೆಗಾದರೂ ಬಂದರೆ, ಅಪ್ಪ ಸಲಕರಣೆಯ ಪೆಟ್ಟಿಗೆಯನ್ನು ಮಾರಲು ಹೊರಡುವ ಮುನ್ನ, ಅಮ್ಮ ಪಾಲಿಸಿಯ ಕಾಗದವನ್ನು ಮೂಲೆಗೆ ಹಾಕುವ ಮುನ್ನ, ಈ ಮಾತನ್ನು ನೆನಪಿಸಿ. ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಅಧಿನಿಯಮದ ಪ್ರಕಾರ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕಡಿಮೆ ಆದಾಯದವರಿಗೂ ಅಲ್ಲಿ ಉಚಿತ ನೆರವು ದೊರೆಯುತ್ತದೆ. ಅವರ ಜೊತೆಯಲ್ಲಿ ನೀವೂ ಹೋಗಿ. ಅರ್ಜಿಯನ್ನು ಓದಿ ಹೇಳಿ. ನೀವು ಕಲಿತ ಅಕ್ಷರ ಮನೆಗೆ ಒದಗುವುದು ಇಂತಹ ಹೊತ್ತಿನಲ್ಲಿಯೇ.