ಬಲವೂ ಒಂದು ವಿದ್ಯೆ



ನೂರು ವರ್ಷ ಅಕ್ಷರ ಕಲಿಸಿದ ಶಾಲೆಯ ಸಭೆಯಲ್ಲಿ ಕಸರತ್ತಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಓದಿಗೂ ಗರಡಿಗೂ ದೂರವೆಂದು ನಾವೇ ಬಗೆದಿದ್ದೇವೆ. 'ಶಾಂತಲಾ' ಕಾದಂಬರಿ ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಅವರಿಗೆ ಆ ದೂರ ಕಾಣಲಿಲ್ಲ.

ಭಾರ ಎತ್ತಲು ಹೊಸದಾಗಿ ತೊಡಗಿದವರ ಬಲ ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ತೋಳಿನ ಸುತ್ತಳತೆ ಮಾತ್ರ ಹೆಚ್ಚುಕಡಮೆ ಹಾಗೆಯೇ ಇರುತ್ತದೆ. ಹಾಗಾದರೆ ಬಲ ಬಂದುದೆಲ್ಲಿಂದ? ಬಹುಪಾಲು ನರಗಳಿಂದ. ಬೆನ್ನುಹುರಿಯ ಒಂದೊಂದು ಚಾಲಕ ನರಕೋಶವೂ ಸ್ನಾಯುತಂತುಗಳ ಒಂದು ಗುಂಪನ್ನು ಆಳುತ್ತದೆ. ಅಭ್ಯಾಸವಾದಂತೆ ಹೆಚ್ಚು ಗುಂಪುಗಳು ಕರೆಗೆ ಓಗೊಡುತ್ತವೆ, ಸಂದೇಶಗಳು ಬೇಗಬೇಗನೆ ಹರಿಯುತ್ತವೆ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದು ಕೈಗೆ ಮಾತ್ರ ಅಭ್ಯಾಸ ಮಾಡಿಸಿದಾಗ, ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಹೆಚ್ಚಿತು! ಸ್ನಾಯು ದಪ್ಪವಾಗುವುದು ನಿಧಾನವಾಗಿ, ತಿಂಗಳುಗಳ ಲೆಕ್ಕದಲ್ಲಿ. ಆಗಲೂ ತಂತುಗಳ ಸಂಖ್ಯೆ ಬಹುಮಟ್ಟಿಗೆ ಅಷ್ಟೇ; ಒಂದೊಂದು ತಂತುವೂ ತುಂಬಿಕೊಳ್ಳುತ್ತದೆ.

ಸೇಲಂ, ಧರ್ಮಪುರಿ ಸೀಮೆಯಲ್ಲಿ ಮಗ್ಗ ಕಂಡ ನಮಗೆ ಇದು ತೀರ ಹೊಸತಲ್ಲ. ಕಲಿಯುವ ಹುಡುಗನ ಮೈಯೆಲ್ಲ ಬಿಗಿದಿರುತ್ತದೆ, ಲಾಳಿ ತಪ್ಪುತ್ತದೆ. ಪಳಗಿದ ದೇವಾಂಗ ನೇಕಾರರ ಕೈಕಾಲುಗಳು ಬೇಕಾದಷ್ಟೇ ಬಲ ಬಳಸುತ್ತವೆ. ಆದರೆ ಮಗ್ಗದ ದುಡಿಮೆಯೇ ವ್ಯಾಯಾಮವೆಂದು ನಂಬಿ ನಾವು ತಪ್ಪಿದೆವು. ದಿನವೂ ಒಂದೇ ಭಾರವಾದರೆ ಬಲ ಅಲ್ಲಿಗೇ ನಿಲ್ಲುತ್ತದೆ. ಭಾರ ಮೆಲ್ಲಮೆಲ್ಲನೆ ಏರಬೇಕು.

ಅರವತ್ತು ದಾಟಿದ ಮೇಲೆ ಚಾಲಕ ನರಕೋಶಗಳೇ ಕಡಮೆಯಾಗುತ್ತ ಹೋಗುತ್ತವೆ. ದಿಕ್ಕಿಲ್ಲದ ತಂತುಗಳಲ್ಲಿ ಕೆಲವನ್ನು ನೆರೆಯ ನರಕೋಶಗಳು ಸಾಕಿಕೊಳ್ಳುತ್ತವೆ, ಉಳಿದವು ಸೊರಗುತ್ತವೆ. ಕೈಯೂರದೆ ನೆಲದಿಂದ ಏಳಲಾರದ ನಮ್ಮ ಹಿರಿಯರ ಕಷ್ಟಕ್ಕೆ ಇದೂ ಒಂದು ಕಾರಣ. ವಯಸ್ಸಾಯಿತು, ಇನ್ನೇನು ಎಂದು ನಾವು ಅವರನ್ನು ಜಗಲಿಯಲ್ಲಿ ಕೂರಿಸಿಬಿಡುತ್ತೇವೆ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸರಾಸರಿ 90 ವಯಸ್ಸಿನ ವೃದ್ಧಾಶ್ರಮವಾಸಿಗಳು 8 ವಾರ ಕಾಲಿನಿಂದ ಭಾರ ಎತ್ತಿದರು. ತೊಡೆಯ ಸ್ನಾಯು ಬೆಳೆದದ್ದು ಶೇ. 9ರಷ್ಟು, ಬಲ ಹೆಚ್ಚಿದ್ದು ಸರಾಸರಿ ಶೇ. 174ರಷ್ಟು. ಇಬ್ಬರು ಊರುಗೋಲನ್ನೇ ಬಿಟ್ಟರು.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಿರಿಯರು ವೈದ್ಯರನ್ನು ಕೇಳಿಕೊಂಡು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದರಿಂದಲೇ ತೊಡಗಬಹುದು. ಅದಕ್ಕಾಗಿ ಈ ಶಾಲೆಯ ಬಯಲನ್ನು ಸಂಜೆಯ ಹೊತ್ತು ಹಳೆಯ ವಿದ್ಯಾರ್ಥಿಗಳಿಗೂ, ಮುಖ್ಯವಾಗಿ ಮನೆಯ ಅಜ್ಜಿಯರಿಗೂ ತೆರೆದಿಡಬೇಕೆಂದು ಆಡಳಿತ ಮಂಡಳಿಯವರನ್ನು ಕೇಳಿಕೊಳ್ಳುತ್ತೇವೆ.