ಜೀನ್ಸ್ ಚೂರು, ಜೋಳದ ದಂಟು, ಭತ್ತದ ತೆನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



“ಸಾಫ್ಟ್‌ವೇರ್‌ನವರು ನೀವು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ” ಎಂದು ಕಾರ್ಯಕ್ರಮದ ಸಂಚಾಲಕರು ಹೇಳಿದ್ದರು. ಅವರ ಕ್ಷಮೆ ಕೇಳಿ ನಾನು ಇವತ್ತು ಕತ್ತರಿ, ಸೂಜಿ, ಸುತಳಿ ಮತ್ತು ಮೈದಾ ಅಂಟಿನ ಬಗ್ಗೆ ಮಾತಾಡುತ್ತೇನೆ. ಮೇಜಿನ ಮೇಲೆ ಇಟ್ಟಿರುವ ಈ ನಾಲ್ಕು ವಸ್ತುಗಳನ್ನು ನಾನೂ ನನ್ನ ಮಗಳೂ ಮನೆಯಲ್ಲೇ ಮಾಡಿದ್ದೇವೆ. ಮಾತು ಮುಗಿದ ಮೇಲೆ ಎಲ್ಲರೂ ಬಂದು ಮುಟ್ಟಿ ನೋಡಬಹುದು.

ನಾನು ಈ ಶಾಲೆಗೆ ಎಂಟನೆಯ ತರಗತಿಗೆ ಸೇರಿದಾಗ ವಾರಕ್ಕೆ ಎರಡು ಕ್ರಾಫ್ಟ್ ಪಿರಿಯಡ್ ಇದ್ದವು. ವೇಳಾಪಟ್ಟಿಯಲ್ಲಿ ಅದಕ್ಕೆ ಕಾರ್ಯಾನುಭವ ಎಂಬ ದೊಡ್ಡ ಹೆಸರು. ಆಗಸ್ಟ್ 14ರ ಮಧ್ಯಾಹ್ನ ಕ್ರಾಫ್ಟ್ ಮೇಷ್ಟ್ರು ನಮ್ಮನ್ನು ವರಾಂಡದಲ್ಲಿ ಕೂಡಿಸಿ ಪರಪರಿ ಮಾಡಿಸುತ್ತಿದ್ದರು. ಕಂಬದಿಂದ ಕಂಬಕ್ಕೆ ಸುತಳಿ ಕಟ್ಟುವುದು, ಬಣ್ಣದ ಹಾಳೆಯನ್ನು ತ್ರಿಕೋನವಾಗಿ ಕತ್ತರಿಸುವುದು, ಮೇಲಂಚನ್ನು ಸುತಳಿಯ ಮೇಲೆ ಮಡಚಿ ಅಂಟಿಸುವುದು. “ಮೊದಲು ಒಂದು ಮಾಡಿ ನನಗೆ ತೋರಿಸು, ಆಮೇಲೆ ನೂರು ಮಾಡು” ಎನ್ನುತ್ತಿದ್ದರು. ಇವತ್ತು ಕಚೇರಿಯಲ್ಲಿ ಹೊಸ ಹುಡುಗರಿಗೆ ನಾನು ಹೇಳುವುದೂ ಇದನ್ನೇ. ಅದು ಕ್ರಾಫ್ಟ್ ಮೇಷ್ಟ್ರ ಮಾತು ಎಂದು ಅವರಿಗೆ ಗೊತ್ತಿಲ್ಲ.

ಹತ್ತನೆಯ ತರಗತಿಯಲ್ಲಿ ದಸರಾ ರಜೆ ಮುಗಿದ ಕೂಡಲೇ ಆ ಎರಡೂ ಪಿರಿಯಡ್ ಗಣಿತಕ್ಕೆ ಹೋದವು. ಅವತ್ತು ನಾನು ಖುಷಿಪಟ್ಟಿದ್ದೆ. ಗಣಿತ ನನ್ನ ಕೈ ಹಿಡಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಕಳೆದುಕೊಂಡದ್ದು ಏನು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ನಮ್ಮ ಮನೆ ಕೌಲ್‌ಬಜಾರ್ ಕಡೆ. ಅವ್ವ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಹೊಲಿಗೆಯಾಗಿ ಬಂದ ಪ್ಯಾಂಟಿನಲ್ಲಿ ಅಲ್ಲಲ್ಲಿ ಇಳಿಬಿದ್ದ ದಾರಗಳನ್ನು ಒಂದೊಂದಾಗಿ ಕತ್ತರಿಸಬೇಕು. ಕೂಲಿ ಪೀಸಿಗೆ ಇಷ್ಟು ಎಂದು ಲೆಕ್ಕ. ಸಂಜೆ ಹೊತ್ತಿಗೆ ಅವಳ ಬೆರಳ ತುದಿಗಳೆಲ್ಲ ನೀಲಿ. ನಾನು ಹೈಸ್ಕೂಲಿಗೆ ಸೇರುವಾಗ ಅವಳು ಕಟಿಂಗ್ ಆದ ಚೂರುಗಳನ್ನು ಕೇಳಿ ತಂದು, ಕೌದಿ ಹೊಲಿದ ಹಾಗೆ ಜೋಡಿಸಿ ನನಗೊಂದು ಪಾಟಿಚೀಲ ಹೊಲಿದಳು. ಕೌದಿ ಹೊಲಿಯುವುದನ್ನು ಅವಳು ಕುರುಗೋಡಿನ ಕಡೆಯ ತನ್ನ ತವರಿನಲ್ಲಿ, ನಮ್ಮ ಅಜ್ಜಿಯಿಂದ ಕಲಿತಿದ್ದಳು.

ಚೀಲ ಗಟ್ಟಿಯಾಗಿತ್ತು, ಚೆಂದವೂ ಇತ್ತು. ಆದರೆ ತರಗತಿಯಲ್ಲಿ ಯಾರೋ “ಚಿಂದಿ ಚೀಲ” ಎಂದು ನಕ್ಕರು. ಅವತ್ತು ಸಂಜೆ ನಾನು ಆ ಚೀಲವನ್ನು ಹಿಂದಿನ ಕಾಂಪೌಂಡಿನ ಆಚೆ ಎಸೆದು, ಮನೆಗೆ ಹೋಗಿ “ಕಳೆದುಹೋಯ್ತು” ಎಂದೆ. ಅವ್ವ ಏನೂ ಕೇಳಲಿಲ್ಲ. ಮರುವಾರ ಅಪ್ಪ ಒಂದು ರೆಕ್ಸಿನ್ ಚೀಲ ತಂದುಕೊಟ್ಟರು. ದೀಪಾವಳಿಯ ಹೊತ್ತಿಗೆ ಅದರ ಜಿಪ್ಪು ಕಿತ್ತುಹೋಗಿತ್ತು.

ಈಗ 2019ಕ್ಕೆ ಬರೋಣ. ಮಗಳ ಮೂರನೆಯ ಹುಟ್ಟುಹಬ್ಬ. ಬೆಂಗಳೂರಿನಲ್ಲಿ ಅಲಂಕಾರಕ್ಕೂ ಪ್ಯಾಕೇಜ್ ಇರುತ್ತದೆ. ಫೋನ್ ಮಾಡಿದರೆ ಅವರೇ ಬಂದು ಬಲೂನಿನ ಕಮಾನು, ಥರ್ಮೋಕೋಲಿನ ಅಕ್ಷರ, ಮಿಂಚುವ ಪರದೆ ಎಲ್ಲ ಕಟ್ಟಿ ಹೋಗುತ್ತಾರೆ. ಫೋಟೊ ಚೆನ್ನಾಗಿ ಬಂದವು. ಮರುದಿನ ಬೆಳಿಗ್ಗೆ ಕಸದ ಗಾಡಿಯವರು ಮೂರು ದೊಡ್ಡ ಚೀಲ ಎತ್ತಿಕೊಂಡು ಹೋದರು. ನಾನೇನೂ ಯೋಚಿಸಲಿಲ್ಲ.

ಮುಂದಿನ ವರ್ಷ ಅವ್ವ ಯುಗಾದಿಗೆಂದು ನಮ್ಮಲ್ಲಿಗೆ ಬಂದಳು. 2020ರ ಯುಗಾದಿ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಅವ್ವ ಅಲ್ಲೇ ಉಳಿದಳು. ಏಪ್ರಿಲ್‌ನಲ್ಲಿ ಮಗಳ ಹುಟ್ಟುಹಬ್ಬ. ಅಂಗಡಿ ಬಂದ್, ಪ್ಯಾಕೇಜಿನವರು ಬರುವ ಹಾಗಿಲ್ಲ, ಮಗು “ಬಲೂನ್ ಎಲ್ಲಿ?” ಎಂದು ಒಂದೇ ಸಮನೆ ಕೇಳುತ್ತಿದೆ. ಅವ್ವ ಕಪಾಟು ತೆಗೆದು ನೋಡಿ, “ಇಷ್ಟು ಹಳೇ ಜೀನ್ಸ್ ಇಟ್ಕೊಂಡು ಏನಿಲ್ಲ ಅಂತೀಯಲ್ಲೋ” ಎಂದು ಮೂರು ಪ್ಯಾಂಟು ಎಳೆದು ಹಾಕಿದಳು. ಅವತ್ತು ಮಾಡಿದ್ದೇ ಮೇಜಿನ ಮೇಲಿರುವ ಈ ಮೊದಲನೆಯ ವಸ್ತು, ಜೀನ್ಸ್ ಪರಪರಿ.

ಮಾಡುವ ಕ್ರಮ ಬಹಳ ಸುಲಭ. ಹತ್ತು ಅಡಿಯ ಗೋಡೆಗೆ ಹನ್ನೆರಡು ತ್ರಿಕೋನ ಸಾಕು. ಒಂದೊಂದರ ಮೇಲಂಚು 6 ಇಂಚು, ನಡುವೆ 4 ಇಂಚು ಜಾಗ. ಹನ್ನೆರಡು ಹತ್ತಲೆ ನೂರಿಪ್ಪತ್ತು ಇಂಚು, ಅಂದರೆ ಹತ್ತು ಅಡಿ. ಎರಡೂ ತುದಿಗೆ ಕಟ್ಟಲು ಒಂದೂವರೆ ಅಡಿ ಬಿಟ್ಟು 13 ಅಡಿ ಸುತಳಿ ತೆಗೆದುಕೊಳ್ಳಿ. ಮೊದಲು ರಟ್ಟಿನಲ್ಲಿ ಒಂದು ತ್ರಿಕೋನ ಕತ್ತರಿಸಿ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಬಟ್ಟೆಯ ಮೇಲೆ ಒಂದು ನೇರ, ಒಂದು ತಲೆಕೆಳಗು ಇಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಬಟ್ಟೆ ದಂಡವಾಗುವುದಿಲ್ಲ. ಮಡಚಲು ಮೇಲಂಚಿಗೆ ಇನ್ನೊಂದು ಇಂಚು ಸೇರಿಸಿ ಕತ್ತರಿಸಿ. ಸುತಳಿಯ ಮೇಲೆ ಮಡಚಿ ಹೊಲಿದುಬಿಡಿ. ಕೆಳಗಿನ ಅಂಚಿನಲ್ಲಿ ದಾರ ಬಿಚ್ಚಿಕೊಂಡು ಬಿಳಿ ಎಳೆ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಕುಚ್ಚಿನ ಹಾಗೆ ಚೆಂದ ಕಾಣುತ್ತದೆ. ನಮ್ಮ ಮನೆಯಲ್ಲಿ ಇದೇ ಪರಪರಿ ಪ್ರತಿ ವರ್ಷ ಕಟ್ಟುತ್ತೇವೆ. ಹಬ್ಬ ಮುಗಿದ ಮೇಲೆ ಒಗೆದು, ಸುತ್ತಿ ಡಬ್ಬಿಯಲ್ಲಿ ಇಡುವುದು.

ಬಟ್ಟೆ ಬೇಡ, ಹಾಳೆಯೇ ಸಾಕು ಎನ್ನುವವರಿಗೆ ಅಂಟಿನ ಲೆಕ್ಕ ಹೇಳುತ್ತೇನೆ. ಎರಡು ಚಮಚ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಡದೆ ತಿರುವಬೇಕು. ಒಲೆಯ ಕೆಲಸ ದೊಡ್ಡವರದು. ನಮ್ಮ ಬಳ್ಳಾರಿಯ ಸೆಕೆಗೆ ಈ ಅಂಟು ಮರುದಿನವೇ ಹುಳಿ ನಾತ ಬರುತ್ತದೆ, ಬೇಕಾದಷ್ಟೇ ಮಾಡಿ.

ಎರಡನೆಯದು ಈ ಪುಟ್ಟ ಚೀಲ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಕೈಗೆ ಪ್ಲಾಸ್ಟಿಕ್ ಆಟಿಕೆ ಕೊಡುವ ಬದಲು ಇದರಲ್ಲಿ ಒಂದು ಪೆನ್ಸಿಲ್, ಎರಡು ಶೇಂಗಾ ಉಂಡಿ ಹಾಕಿ ಕೊಡಬಹುದು. ಹಳೆಯ ಪ್ಯಾಂಟಿನ ಕಾಲನ್ನು ಬುಡದಿಂದ 9 ಇಂಚಿಗೆ ಕತ್ತರಿಸಿ. ಬುಡದ ಮಡಿಕೆ ಮೊದಲೇ ಹೊಲಿದದ್ದು, ಅದೇ ಚೀಲದ ಬಾಯಿ. ಒಳಮಗ್ಗಲು ಹೊರಗೆ ತಿರುಗಿಸಿ, ಕತ್ತರಿಸಿದ ಕಡೆಯನ್ನು ಒತ್ತೊತ್ತಾಗಿ ಎರಡು ಸಾಲು ಹೊಲಿಯಿರಿ. ಪಕ್ಕದ ಹೊಲಿಗೆ ಸೇರುವ ಜಾಗದಲ್ಲಿ ಬಟ್ಟೆ ಬಹಳ ದಪ್ಪ, ಒತ್ತಿದರೆ ಸೂಜಿ ಮುರಿಯುತ್ತದೆ; ಅಲ್ಲಿ ನಿಧಾನ. ಮತ್ತೆ ಬಲಮಗ್ಗಲಿಗೆ ತಿರುಗಿಸಿ. ಬಾಯಿಯ ಮಡಿಕೆಯಲ್ಲಿ ಹೊರಗಿನಿಂದ ಸಣ್ಣ ಗೀರು ಹಾಕಿ, ಪಿನ್ನಿಗೆ ದಾರ ಸಿಕ್ಕಿಸಿ ಪಾಯಿಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಪೋಣಿಸಿ. ಎಳೆದರೆ ಬಾಯಿ ಮುಚ್ಚುತ್ತದೆ. ಒಂದು ಪ್ಯಾಂಟಿಗೆ ಎರಡು ಚೀಲ. ಹತ್ತು ಮಕ್ಕಳಿಗೆ ಐದು ಪ್ಯಾಂಟು ಬೇಕು. ಊರೆಲ್ಲ ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಅದಕ್ಕೇನು ಬರಗಾಲ?

ಮೂರನೆಯದು ಜೋಳದ ದಂಟಿನ ಬಂಡಿ. ಇದು ಕುರುಗೋಡಿನ ಕಡೆಯ ಕಪ್ಪು ನೆಲದ ಕೊಡುಗೆ. ಚಿಕ್ಕವನಿದ್ದಾಗ ದೊಡ್ಡಬಸವೇಶ್ವರನ ಜಾತ್ರೆಗೆ ಅಜ್ಜಿಯ ಊರಿಗೆ ಹೋದರೆ, ಜಾತ್ರೆಯಲ್ಲಿ ಕೊಂಡ ಆಟಿಕೆಗಿಂತ ಸೋದರಮಾವ ಮಾಡಿಕೊಟ್ಟ ಈ ಬಂಡಿಯೇ ಹೆಚ್ಚು ದಿನ ಬಾಳುತ್ತಿತ್ತು. ಹಿಂಗಾರಿ ಜೋಳ ಕೊಯ್ದ ಮೇಲೆ ಚೆನ್ನಾಗಿ ಒಣಗಿದ ದಂಟು ತನ್ನಿ. ಮೇಲಿನ ಸಿಪ್ಪೆಯನ್ನು ಉದ್ದುದ್ದ ಸಿಬರಾಗಿ ಸುಲಿಯಿರಿ; ಅದರ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಜೋಪಾನ. ಒಳಗಿನ ಬೆಂಡನ್ನು ತುಂಡು ಮಾಡಿ, ಸಿಬರನ್ನೇ ಮೊಳೆಯಂತೆ ಚುಚ್ಚಿ ತುಂಡಿಗೆ ತುಂಡು ಜೋಡಿಸುವುದು. ಅಂಟೂ ಬೇಡ, ದಾರವೂ ಬೇಡ. ಬಂಡಿ ಬರುತ್ತದೆ, ಕನ್ನಡಕ ಬರುತ್ತದೆ, ಮನೆಯ ಮಾದರಿ ಬರುತ್ತದೆ. ಇದರ ಜೊತೆಗೆ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನೂ ನೆನಪಿಸಿಕೊಳ್ಳಿ. ಕಪ್ಪು ಮಣ್ಣು ಒಣಗುವಾಗ ಬಹಳ ಕುಗ್ಗುತ್ತದೆ, ಹಾಗಾಗಿ ಬಿರುಕು. ಸ್ವಲ್ಪ ಹತ್ತಿ ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ಕಲಸಿ, ನೆರಳಿನಲ್ಲಿ ಒಣಗಿಸಿದರೆ ಎತ್ತಿನ ಕೊಂಬು ನಿಲ್ಲುತ್ತದೆ. ಕಣ್ಣಿಗೆ ಎರಡು ಜೋಳದ ಕಾಳು.

ನಾಲ್ಕನೆಯದು ಭತ್ತದ ತೆನೆಯ ಗೊಂಚಲು. ಇದು ಸಿರುಗುಪ್ಪದ್ದು, ನಮ್ಮ ಅಪ್ಪನ ಕಡೆಯ ಊರು. ತುಂಗಭದ್ರಾ ಕಾಲುವೆ ನೀರು ಹರಿಯುವ ಆ ಗದ್ದೆಗಳಿಗೆ ಕೊಯ್ಲಿನ ಹೊತ್ತಿಗೆ ಹೋಗಿ, ಹೊಲದವರನ್ನು ಕೇಳಿ ಒಂದು ಹಿಡಿ ತೆನೆ ತನ್ನಿ. ಕಾಳು ಬಲಿತಿರಬೇಕು, ಕಡ್ಡಿಯಲ್ಲಿ ಇನ್ನೂ ಸ್ವಲ್ಪ ಹಸಿರಿರಬೇಕು. ಪೂರ್ತಿ ಒಣಗಿದರೆ ಕಡ್ಡಿ ಮುರಿಯುತ್ತದೆ, ಕಾಳು ಉದುರುತ್ತದೆ. ಕಡ್ಡಿಗಳನ್ನು ಅರ್ಧ ಗಂಟೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಜಡೆ ಹೆಣೆದಂತೆ ಮೂರು ಎಳೆಯಾಗಿ ಹೆಣೆಯುತ್ತ, ಪ್ರತಿ ಸುತ್ತಿಗೂ ಹೊಸ ತೆನೆ ಸೇರಿಸುತ್ತ ಹೋಗಿ. ತೆನೆಗಳೆಲ್ಲ ಕೆಳಗೆ ಜೋಲಬೇಕು. ಬಾಗಿಲಿಗೆ ಕಟ್ಟಿದರೆ ಹಬ್ಬಕ್ಕೆ ತೋರಣ, ಹಬ್ಬ ಮುಗಿದ ಮೇಲೆ ಗುಬ್ಬಿಗೆ ಊಟ.

ಇದೆಲ್ಲ ಹಳೆಯ ಕಾಲದ ಹಂಬಲ ಎಂದುಕೊಳ್ಳಬೇಡಿ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ತೋರಣ, ಬಾವುಟಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೋಕೋಲ್ ನಿಷಿದ್ಧ. ಹಾಗಾದರೆ ಬದಲಿಗೆ ಏನು ಎಂದು ಕೇಳುವವರಿಗೆ ಉತ್ತರ ನಮ್ಮ ಜಿಲ್ಲೆಯ ಹೊಲದಲ್ಲೂ ಹೊಲಿಗೆ ಮನೆಯಲ್ಲೂ ಬಿದ್ದಿದೆ.

ಶಾಲೆಗೂ ಇದು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಕಲಿಸಬೇಕೆಂಬ ಮೂಲ ಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರು ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಹೆಸರು ಬದಲಾಗುತ್ತ ಬಂದಿದೆ. ಪರೀಕ್ಷೆ ಹತ್ತಿರ ಬಂದಾಗ ಮೊದಲು ಕೈಬಿಡುವ ಪಿರಿಯಡ್ ಮಾತ್ರ ಬದಲಾಗಿಲ್ಲ.

ನನ್ನ ಕೋರಿಕೆ ಒಂದೇ. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಕಪಾಟು ತಂದಿದ್ದೇವೆ. ಅದರಲ್ಲಿ ಇಪ್ಪತ್ತು ಕತ್ತರಿ, ಸೂಜಿ, ದಾರ, ಸುತಳಿ, ಅಳತೆಪಟ್ಟಿ, ರಟ್ಟು ಇವೆ. ಅದರ ಬೀಗದ ಕೈ ಮಕ್ಕಳ ಕೈಗೆ ಸಿಗಲಿ. ಹತ್ತನೆಯ ತರಗತಿಯವರಿಗೂ ವಾರಕ್ಕೆ ಒಂದು ಪಿರಿಯಡ್ ಉಳಿಯಲಿ. ದಾರ ಕತ್ತರಿಸುವ, ಕೌದಿ ಹೊಲಿಯುವ ತಾಯಂದಿರು ಈ ಊರಿನಲ್ಲಿ ಎಷ್ಟೋ ಜನ ಇದ್ದಾರೆ. ತಿಂಗಳಿಗೊಮ್ಮೆ ಒಬ್ಬರನ್ನು ಕರೆದು ಕುರ್ಚಿ ಹಾಕಿ ಕೂಡಿಸಿ, ಮಕ್ಕಳು ಅವರಿಂದ ಕಲಿಯಲಿ. ಯಾವ ಮಗುವೂ ತನ್ನ ಅವ್ವನ ಕೈಕೆಲಸಕ್ಕೆ ನಾಚಬಾರದು.

ಕೊನೆಗೆ ಆ ಚೀಲದ ಕಥೆ ಮುಗಿಸುತ್ತೇನೆ. ಲಾಕ್‌ಡೌನ್‌ನ ಆ ರಾತ್ರಿ ಪರಪರಿಯ ಕೆಳಗೆ ಮಗಳು ಮಲಗಿದ ಮೇಲೆ ನಾನು ಅವ್ವನಿಗೆ ಎಲ್ಲ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ, “ನನಗ ಅವತ್ತೇ ಗೊತ್ತಾಗಿತ್ತು. ಚೀಲ ಕಳಕೊಂಡೋನು ಪುಸ್ತಕ ಎಲ್ಲಾ ಎದಿಗೆ ಅವಚಿಕೊಂಡು ಹೆಂಗ ಬರ್ತಾನ?” ಎಂದು ನಕ್ಕಳು. ಇಪ್ಪತ್ತು ವರ್ಷದ ಹತ್ತಿರ ಅವಳು ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ಇವತ್ತು ಅವಳು ಇಲ್ಲೇ, ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಈ ವಸ್ತುಗಳನ್ನೆಲ್ಲ ನಾನು ತುಂಬಿಕೊಂಡು ಬಂದದ್ದು ಕಳೆದ ತಿಂಗಳು ಅವಳು ಹೊಸದಾಗಿ ಹೊಲಿದುಕೊಟ್ಟ ಜೀನ್ಸ್ ಚೂರಿನ ಚೀಲದಲ್ಲಿ. ಇದನ್ನು ಮಾತ್ರ ನಾನು ವಾಪಸ್ ಮನೆಗೆ ಒಯ್ಯುತ್ತೇನೆ.

 ಕತ್ತರಿ ಕೊಡುವಾಗ ಹಿಡಿಯ ಕಡೆಯಿಂದ ಕೊಡಿ, ಮಕ್ಕಳೇ.