ಫೋಟೊದ ಹಿಂಬದಿಯಲ್ಲಿರುವ ಊರು

ಬಸ್ಸಿನ ಬೋರ್ಡಿನ ಮೇಲೆ ಹಳ್ಳಿಖೇಡ (ಬಿ) ಎಂದು ಓದಿದ ಹೊರಗಿನವರು ಈ ‘ಬಿ’ ಏನೆಂದು ಕೇಳುವುದುಂಟು. ಅದು ಬುಜುರ್ಗ್ ಎಂಬ ಪಾರ್ಸಿ ಪದದ ಮೊಟಕು ರೂಪ. ಹಿರಿಯದು, ದೊಡ್ಡದು ಎಂದರ್ಥ. ಇದೇ ಹುಮನಾಬಾದ್ ತಾಲ್ಲೂಕಿನಲ್ಲಿ ಹಳ್ಳಿಖೇಡ (ಕೆ) ಕೂಡ ಇದೆ. ಕೆ ಎಂದರೆ ಖುರ್ದ್, ಚಿಕ್ಕದು. ಎರಡೂ ಊರುಗಳ ಕಂದಾಯ ಲೆಕ್ಕ ಕಲಸಿಹೋಗದಿರಲೆಂದು ದಫ್ತರಿನವರು ಹಚ್ಚಿದ ಗುರುತು ಅದು. ಹಳೆಯ ಫೋಟೊಗಳಿಂದ ಊರಿನ ಚರಿತ್ರೆ ಕಟ್ಟಹೊರಟವರಿಗೆ ಮೊದಲ ತೊಡಕು ಇಲ್ಲಿಯೇ. ಹಿಂಬದಿಯಲ್ಲಿ ಬರೀ ‘ಹಳ್ಳಿಖೇಡ’ ಎಂದು ಬರೆದಿದ್ದರೆ, ಯಾವ ಹಳ್ಳಿಖೇಡ?

ಈ ಭಾಗಕ್ಕೆ ಕ್ಯಾಮೆರಾ ಬಂದದ್ದು ಜನರಿಗಾಗಿ ಅಲ್ಲ, ಕಲ್ಲಿಗಾಗಿ. ಜೇಮ್ಸ್ ಬರ್ಜೆಸ್ 1878ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬೀದರ, ಕಲ್ಯಾಣ, ನಾರಾಯಣಪುರದ ಸ್ಮಾರಕಗಳಿವೆ. ಗುಲಾಂ ಯಜ್ದಾನಿ ಅವರ ಬೀದರ ಕುರಿತ ದೊಡ್ಡ ಗ್ರಂಥ 1947ರಲ್ಲಿ ಬಂತು. ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅರಮನೆ, ಬೇಟೆ, ಸೈನ್ಯದ ಕವಾಯತುಗಳನ್ನು ಸೆರೆಹಿಡಿದರು. ಜೋಳದ ಹೊಲದವರಿಗೆ, ಸಂತೆಯವರಿಗೆ ಆ ಪುಟಗಳಲ್ಲಿ ಜಾಗವಿರಲಿಲ್ಲ. ಆದ್ದರಿಂದ ಇಂಥ ಊರಿನ ಚಿತ್ರ ಹುಡುಕಬೇಕಾದದ್ದು ಗ್ರಂಥಾಲಯದಲ್ಲಲ್ಲ, ಮನೆಯ ಟ್ರಂಕಿನಲ್ಲಿ.

ಟ್ರಂಕಿನಿಂದ ತೆಗೆದ ಫೋಟೊವನ್ನು ಮೊದಲು ತಿರುವಿ ನೋಡಬೇಕು. ನಿಜಾಮರ ಕಾಲದ ಬರಹ ಉರ್ದುವಿನಲ್ಲಿರಬಹುದು, ಇಸವಿ ಫಸಲಿಯದಾಗಿರಬಹುದು. 1357 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಅಂದರೆ 1947ರ ಅಕ್ಟೋಬರ್‌ನಲ್ಲಿ ಶುರುವಾಗಿ ಮರುವರ್ಷದ ಅಕ್ಟೋಬರ್‌ಗೆ ಮುಗಿದ ವರ್ಷ.

ಆ ಒಂದು ವರ್ಷದೊಳಗೆ ಏನೇನು ನಡೆಯಿತೆಂದು ನೆನೆಯಿರಿ. 1948ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರಟಾ (ಬಿ) ಗ್ರಾಮದಲ್ಲಿ ರಜಾಕಾರರ ದಾಳಿಗೆ ಅನೇಕರು ಬಲಿಯಾದರು. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಆರಂಭವಾಯಿತು. ನಂತರದ ದಿನಗಳಲ್ಲಿ ಜಿಲ್ಲೆಯ ಮುಸ್ಲಿಂ ಕುಟುಂಬಗಳ ಮೇಲೂ ಭೀಕರ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಎಲ್ಲಕ್ಕೂ ಒಂದೇ ಇಸವಿ, 1357. ಹೀಗಾಗಿ ಗುಂಪು ಚಿತ್ರವೊಂದರಲ್ಲಿ ಟೋಪಿಯವರೂ ರುಮಾಲಿನವರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರೆ, ಇಸವಿಯ ಜೊತೆ ತಿಂಗಳೂ ಬೇಕು. ಖುರ್ದಾದ್, ತೀರ್, ಆಬಾನ್ ಎಂಬ ಒಂದು ಪದ ಅಳಿಸಿಹೋದರೆ, ಅವರು ನಿಂತದ್ದು ಗಲಭೆಗೆ ಮೊದಲೋ ಆಮೇಲೋ ಎಂಬುದನ್ನು ಹೇಳುವವರಿಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.

1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ ಒಂದು ಕಡೆಗೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆಗೆ ಹೋದವು. ಮದುವೆಯ ಫೋಟೊದಲ್ಲಿ ಒಂದೇ ಜಿಲ್ಲೆಯವರಾಗಿದ್ದ ಬೀಗರು ಮೂರು ರಾಜ್ಯದವರಾದರು. ಮುಂದೆ ಹಳ್ಳಿಖೇಡ (ಬಿ)ಯಲ್ಲಿ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬಿನ ಗಾಡಿ, ಚಿಮಣಿ, ಪಾಳಿ ಕೆಲಸ ಊರಿನ ಚಹರೆಯನ್ನೇ ಬದಲಿಸಿದವು.

ವಿಚಿತ್ರವೆಂದರೆ ಬಣ್ಣದ ಫೋಟೊಗಳೇ ಬೇಗ ಹಾಳಾಗುತ್ತಿರುವುದು. ಕಪ್ಪುಬಿಳುಪು ಚಿತ್ರ ಬೆಳ್ಳಿಯ ಕಣಗಳಿಂದಾದದ್ದು, ಬಾಳಿಕೆಯದು. ಎಪ್ಪತ್ತರ ದಶಕದ ಬಣ್ಣದ ಪ್ರತಿಗಳಲ್ಲಿ ನೀಲಿ ವರ್ಣ ಮೊದಲು ಮಾಸುವುದರಿಂದ ಮದುಮಕ್ಕಳೆಲ್ಲ ಕೆಂಪಗೆ ಕಾಣುತ್ತಾರೆ.

ಇನ್ನು ಹೆಣ್ಣುಮಕ್ಕಳು. ಬಡ ಮನೆಗಳ ಎಷ್ಟೋ ಅಜ್ಜಿಯರ ಮುಖ ಮೊದಲ ಸಲ ಕಾಗದಕ್ಕಿಳಿದದ್ದು ಸ್ಟುಡಿಯೊದಲ್ಲಲ್ಲ, 1993ರಲ್ಲಿ ಶುರುವಾದ ಮತದಾರರ ಗುರುತಿನ ಚೀಟಿಯಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕುತ್ತಾರೆ. ಗುಂಪು ಚಿತ್ರಗಳಲ್ಲಿ ಅಂಥವರನ್ನು ‘ಇಂಥವರ ಮನೆಯವರು’ ಎಂದಷ್ಟೇ ಗುರುತಿಸುವುದು ರೂಢಿ. ಹೆಸರು ಕೇಳಿ ಬರೆಯಬೇಕಾದದ್ದು ಮೊದಲು ಅವರದ್ದೇ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಹೆಸರು, ತಿಂಗಳು, ಇಸವಿ, ಆಮೇಲೆ ಊರು. ಊರಿನ ಮುಂದೆ ‘ಬಿ’ ಬಿಡಬಾರದು.